ಅಡುಗೆಮನೆಯ ಸದ್ದು ಕಡಲು ದಾಟಿದ್ದು

ಅತ್ತೆಯನ್ನು ಏನೆಂದು ಕೇಳುವುದು ಎಂಬ ಹುಳು ಬೆಳಿಗ್ಗೆಯೇ ಅವಳ ತಲೆ ಹೊಕ್ಕಿತ್ತು. ಮಗುವಿಗೆ ಉಣ್ಣಿಸಿ, ಬಟ್ಟೆ ಒಣಹಾಕಿ ಮುಗಿದರೂ ಕೊರೆಯುತ್ತಲೇ ಇತ್ತು.

ಹಾಗೆ ನೋಡಿದರೆ ಚಿಂತೆ ಅವಳಿಗೆ ಹೊಸದಲ್ಲ. ಮಗು ಅತ್ತರೆ ತಾನೂ ಅಳುವಷ್ಟಾಗುತ್ತಾಳೆ. ಸುಮ್ಮನಿದ್ದರೆ ಉಸಿರಾಡುತ್ತಿದೆಯೋ ಎಂದು ಮೂಗಿನ ಬಳಿ ಬೆರಳಿಡುತ್ತಾಳೆ. ಹೆರಿಗೆಯ ನಂತರ ಬ್ಯಾಂಕಿನ ಕೆಲಸ ಬಿಟ್ಟವಳು, ರೇಡಿಯೋ ಕಾರ್ಯಕ್ರಮ ಮಾಡುವುದನ್ನು ಕಲಿಸುವ ಆನ್‌ಲೈನ್ ಕೋರ್ಸಿಗೆ ಸೇರಿದ್ದಳು. ತನ್ನದು ಅಂತ ಅವಳಿಗೆ ಉಳಿದಿದ್ದದ್ದು ಅದೊಂದೇ. ಇಲ್ಲಿಯ ವಿಶ್ವವಿದ್ಯಾಲಯವೂ ಕಡಲಾಚೆಯ ಒಂದು ವಿಶ್ವವಿದ್ಯಾಲಯವೂ ಕೂಡಿ ನಡೆಸುವ ಕೋರ್ಸು. ಈ ಕಡೆಯವರು ಮನೆಯ ಸದ್ದನ್ನು ರೆಕಾರ್ಡ್ ಮಾಡಿ ಕಳಿಸಬೇಕು. ಆ ಕಡೆಯ ಜೊತೆಗಾರರು ಕತ್ತರಿಸಿ ಜೋಡಿಸಬೇಕು. ಇಬ್ಬರಿಗೂ ಸೇರಿ ಒಂದೇ ಅಂಕ.

ಇವಳ ಜೊತೆಗಾರ ಮನೆಯೊಳಗೂ ಟೋಪಿ ತೆಗೆಯದ ನಡುವಯಸ್ಸಿನ ಮನುಷ್ಯ. ಗಂಡ ಹೆಂಡತಿ ಅವನಿಗಿಟ್ಟ ಹೆಸರು ಟೋಪಿರಾಯ.

ಮೊಮ್ಮಗುವನ್ನು ನೋಡಲು ಅತ್ತೆ ಬಂದಿದ್ದಾಗ, ಕುಕ್ಕರಿನ ಕೂಗು ಚೆನ್ನಾಗಿ ಸಿಗಲೆಂದು ಅಡುಗೆಮನೆಯ ಕಪಾಟಿನ ಮೇಲೆ ಮೊಬೈಲಿಟ್ಟು ಇವಳು ಮಗುವನ್ನು ಮಲಗಿಸಲು ಹೋದಳು. ಮಲಗಿಸುತ್ತ ತಾನೂ ಮಲಗಿದಳು. ಎದ್ದವಳೇ ಕೇಳಿನೋಡದೆ ಕಳಿಸಿಬಿಟ್ಟಳು. ಟೋಪಿರಾಯನಿಗೆ ಇವರ ಭಾಷೆಯ ಗಂಧಗಾಳಿಯೂ ಇಲ್ಲ. ನಗು ಬಂದ ತುಣುಕುಗಳನ್ನಷ್ಟೇ ಕತ್ತರಿಸಿ ಜೋಡಿಸಿ, ನಡುನಡುವೆ ಕುಕ್ಕರ್ ಕೂಗಿಸಿ, ಈ ದಿನ ಬೆಳಿಗ್ಗೆ ವಾಪಸು ಕಳಿಸಿದ್ದ. ಜೊತೆಗೊಂದು ಮಾತು: ಈ ಹಿರಿಯರ ನಗು ಬಂಗಾರ, ಅವರ ಒಪ್ಪಿಗೆ ಅವರದೇ ದನಿಯಲ್ಲಿ ಸಂಜೆಯೊಳಗೆ ಬೇಕು, ಇಲ್ಲದಿದ್ದರೆ ನಾವಿಬ್ಬರೂ ಫೇಲು.

ಆ ಹಿರಿಯರು ಪಕ್ಕದ ಮನೆಯಾಕೆಗೆ ಹೇಳುತ್ತಿದ್ದುದು ಸೊಸೆಯ ಕಥೆ.

“ಮಗು ಸೀನಿದ್ರೆ ಡಾಕ್ಟರಿಗೆ ಫೋನು. ಸೀನದೇ ಇದ್ರೆ, ಯಾಕೆ ಸೀನಿಲ್ಲ ಅಂತ ಫೋನು. ಆ ಡಾಕ್ಟರು ನಂಬರೇ ಬದಲಾಯಿಸಿದ್ರಂತೆ, ಪಾಪ.”

“ಅಮ್ಮನ್ನೇ ಕೇಳಿಬಿಡು,” ಎಂದ ಗಂಡ, ಮಗುವನ್ನು ಹೆಗಲಿಗೆ ಹಾಕಿಕೊಂಡು ಓಡಾಡುತ್ತ.

“ನಾನು ಕೇಳಿಸ್ಕೊಂಡೆ ಅಂತ ಅವರಿಗೆ ಗೊತ್ತಾಗುತ್ತೆ.”

“ಕೇಳಿಸ್ಕೊಂಡಿದ್ದೀಯಲ್ಲ.”

“ಇನ್ಮೇಲೆ ನನ್ನೆದುರು ನಗೋದನ್ನೇ ಬಿಟ್ರೆ?”

“ನಿನ್ನೆದುರು ಯಾವತ್ತು ನಕ್ಕಿದ್ರು?”

“ನಿಮ್ಮಮ್ಮ ತಾನೇ, ನೀವೇ ಕೇಳಿ.”

“ಕೋರ್ಸು ನಿಂದು.”

ಹೊತ್ತು ಇಳಿಯುತ್ತಿತ್ತು. ಟೋಪಿರಾಯ ಆಗಲೇ ಎರಡು ಸಲ ‘ಆಯಿತೇ’ ಎಂದು ಕೇಳಿಯಾಗಿತ್ತು. ಕೊನೆಗೆ ರೆಕಾರ್ಡಿಂಗ್ ಶುರುಮಾಡಿ, ಫೋನನ್ನು ಸ್ಪೀಕರಿಗೆ ಹಾಕಿ ನಂಬರೊತ್ತಿದಳು.

“ಅತ್ತೆ, ಊಟ ಆಯ್ತಾ?”

“ಸಂಜೆ ಹೊತ್ತಲ್ಲಿ ಯಾವ ಊಟನೇ? ವಿಷಯಕ್ಕೆ ಬಾ.”

ಒಂದೇ ಉಸಿರಿಗೆ ಎಲ್ಲವನ್ನೂ ಹೇಳಿದಳು.

“ಪೂರ್ತಿ ಕೇಳಿದ್ಯಾ?”

“ಅವರು ಜೋಡಿಸಿದ್ದಷ್ಟೇ ಕೇಳ್ದೆ.”

“ಹಾಗಾದ್ರೆ ಹಾಕ್ಕೊಳ್ಳಿ, ನನ್ನ ಒಪ್ಪಿಗೆ ಇದೆ. ಸುಳ್ಳೇನೂ ಹೇಳಿಲ್ಲ ನಾನು. ಉಳಿದಿದ್ದನ್ನ ಮಾತ್ರ ಅಳಿಸಿಬಿಡು.”

“ಅದರಲ್ಲೇನಿದೆ ಅತ್ತೆ?”

“ನನ್ನ ಮಗನ ಕಥೆ. ಅದರ ಮುಂದೆ ನಿಂದೇನೂ ಅಲ್ಲ ಬಿಡು.”

ಗಂಡ ಓಡಾಟ ನಿಲ್ಲಿಸಿದ.

“ಅದಕ್ಕೂ ಒಪ್ಪಿಗೆ ಕೊಟ್ಬಿಡಿ ಅತ್ತೆ,” ಎಂದಳು ಅವಳು.

ಅತ್ತೆ ಮನಸಾರೆ ನಕ್ಕರು.