ಸುಣ್ಣದಲ್ಲಿ ಬರೆದ ಇಂಗ್ಲಿಷು

ಬೆಳಗಿನ ಐದು ಗಂಟೆ. ಚನ್ನರಾಯಪಟ್ಟಣದ ಮೈದಾನದಲ್ಲಿ ಚಿಕ್ಕಮ್ಮ ಎಂಬ ಹೆಸರಿನ ಹೆಂಗಸು ಸೆರಗು ಬಿಗಿದು ಕುಕ್ಕರಗಾಲಲ್ಲಿ ಕೂತಿದ್ದಾರೆ. ಬೆರಳ ಸಂದಿಯಿಂದ ಸುಣ್ಣದ ಪುಡಿ ಬಿಡುತ್ತಾ, ಓಟದ ಗೆರೆಯ ಪಕ್ಕ ಮೊಳದುದ್ದದ ಇಂಗ್ಲಿಷ್ ಅಕ್ಷರಗಳನ್ನು ಬರೆಯುತ್ತಿದ್ದಾರೆ. ಎಡಗೈಯಲ್ಲೊಂದು ಚೀಟಿ. ಅದರಲ್ಲಿರುವ ಒಂದಕ್ಷರವನ್ನೂ ಅವರು ಓದಲಾರರು. ರಂಗೋಲಿಯಲ್ಲಿ ಪಳಗಿದ ಕೈ ಕಂಡದ್ದನ್ನು ಕಂಡ ಹಾಗೆ ಇಳಿಸುತ್ತದೆ. ಇವತ್ತಿನ ನುಡಿಗಟ್ಟು 'ಸೆಕೆಂಡ್ ವಿಂಡ್'.

ಐವತ್ತೆರಡರ ಚಿಕ್ಕಮ್ಮ ಬಾಗೂರಿನ ಹೆಣ್ಣು. ಹದಿನಾಲ್ಕು ವರ್ಷದಿಂದ ಈ ಮೈದಾನ ಗುಡಿಸಿ, ನೀರು ಚಿಮುಕಿಸಿ, ದಿನಕ್ಕೆರಡು ಬಕೆಟ್ ಸುಣ್ಣದಲ್ಲಿ ಗೆರೆ ಎಳೆಯುತ್ತಾರೆ. ಇಂಗ್ಲಿಷಿನ ನಂಟು ಬೆಳೆದದ್ದು ಮಗಳು ಧನ್ಯಾಳಿಂದ. ಭದ್ರತಾ ಪಡೆ ಸೇರಲು ಹಟ ಹಿಡಿದಿದ್ದ ಈ ಹುಡುಗಿ ಓಟದಲ್ಲಿ ಗಂಡುಹುಡುಗರನ್ನೇ ಹಿಂದೆ ಹಾಕುವವಳು. ಆದರೆ ಬರಹದ ಪರೀಕ್ಷೆ ದಾಟಿದರೆ ತಾನೇ ಓಟ? ಎರಡು ಸಲವೂ ಇಂಗ್ಲಿಷಿನಲ್ಲೇ ಮುಗ್ಗರಿಸಿದಳು. 'ಫಿಟ್ ಆ್ಯಸ್ ಎ ಫಿಡಲ್' ಎಂದರೆ ಗಟ್ಟಿಮುಟ್ಟಾಗಿರುವವನು ಎನ್ನುವ ಬದಲು ಚೆನ್ನಾಗಿ ಪಿಟೀಲು ಬಾರಿಸುವವನು ಎಂದು ಗುರುತು ಹಾಕಿ ಬಂದಿದ್ದಳು! ವಯಸ್ಸಿನ ಮಿತಿಯೊಳಗೆ ಉಳಿದಿದ್ದುದು ಇನ್ನೊಂದೇ ಅವಕಾಶ. ಪುಸ್ತಕ ಮೂಲೆಗೆಸೆದು ಅತ್ತ ಮಗಳ ಪಕ್ಕ ಚಿಕ್ಕಮ್ಮ ಹೋಗಿ ಕೂತರು.

"ಪಿಟೀಲಿಗೂ ಆರೋಗ್ಯಕ್ಕೂ ಏನವ್ವಾ ಸಂಬಂಧ ಅಂತ ಅಳ್ತಿದ್ಲು ಸಾ. ನಾವು ಗುಂಡ್ಕಲ್ಲಂಗವ್ನೆ ಅನ್ನಕಿಲ್ವಾ, ಕಲ್ಲಿಗೂ ಆರೋಗ್ಯಕ್ಕೂ ಏನ್ ಸಂಬಂಧ ಅಂತ ಯಾರಾರ ಕೇಳ್ತಾರಾ ಅಂದೆ. ಕಣ್ಣೊರೆಸ್ಕಂಡು ನಕ್ಬುಟ್ಲು," ಎಂದು ಮಾತಾಡಿಸಲು ಬಂದ ನನಗೆ ಚಿಕ್ಕಮ್ಮ ಹೇಳುತ್ತಾರೆ.

ಮರುದಿನದಿಂದಲೇ ಸುಣ್ಣದ ಪಾಠ ಶುರು. ಧನ್ಯಾ ಚೀಟಿಯಲ್ಲಿ ಬರೆದುಕೊಟ್ಟದ್ದನ್ನು ತಾಯಿ ನೆಲಕ್ಕಿಳಿಸುವುದು. ದಿನಕ್ಕೆ ಎಂಟು ಸುತ್ತು, ಎಂಟು ಸಲವೂ ಅದೇ ಮಾತು ಕಣ್ಣಿಗೆ ಬೀಳಬೇಕು. ಮೊದಲ ದಿನ ಚಿಕ್ಕಮ್ಮ ಓಟದ ದಾರಿಗೇ ಅಡ್ಡಲಾಗಿ ಬರೆದು ಪೇಚಿಗೆ ಸಿಕ್ಕಿದರು. ಅಕ್ಷರ ತುಳಿಯಲು ಯಾರಿಗೂ ಮನಸ್ಸು ಬಾರದು. ಧನ್ಯಾಳ ಜೊತೆ ಇದೇ ಪರೀಕ್ಷೆಗೆ ತಯಾರಾಗುತ್ತಿದ್ದವರೆಲ್ಲ ನೆಗೆದರು, ರಜನೀಶ್ ಎಂಬ ಓಟಗಾರ ಪಾದ ಉಳುಕಿಸಿಕೊಂಡ. "ಇಂಗ್ಲಿಸಾದ್ರೇನು ಸಾ, ಸರಸ್ವತಿ ಸರಸ್ವತಿನೇ," ಎನ್ನುತ್ತಾರೆ. ಅಂದಿನಿಂದ ಬರಹ ಗೆರೆಯಾಚೆಗೆ ಸರಿದಿದೆ.

ಪುಸ್ತಕದ ಅರ್ಥ ಹೇಳುತ್ತಿದ್ದವಳು ಧನ್ಯಾ, ಅದನ್ನು ಮನಸ್ಸಿಗೆ ಹತ್ತಿಸುತ್ತಿದ್ದವರು ತಾಯಿ. ಈ 'ಸೆಕೆಂಡ್ ವಿಂಡ್' ಅನ್ನೇ ಕೇಳಿ ನೋಡಿ.

"ಐದ್ನೇ ಸುತ್ತಿಗೆ ಉಸ್ರು ನಿಂತೇ ಓಯ್ತು ಅನ್ಸುತ್ತೆ. ಆದ್ರೂ ಓಡ್ತಾ ಇದ್ರೆ ಆರ್ನೇ ಸುತ್ತಿಗೆ ಎಲ್ಲಿಂದ್ಲೋ ಒಸಾ ಉಸ್ರು ಬತ್ತದೆ ನೋಡಿ, ಅದೇ ಕಣ್ ಸಾ. ರಾಗಿ ಕುಯ್ದೋರ್ಗೆಲ್ಲ ಗೊತ್ತು. ಅದ್ಕೊಂದು ಎಸ್ರೈತೆ ಅಂತ ಗೊತ್ತಿರ್ನಿಲ್ಲ, ಅಷ್ಟೆ."

ಮೂರನೇ ಸಲ ಧನ್ಯಾ ಬರಹದ ಪರೀಕ್ಷೆ ದಾಟಿದಳು. ಓಟವಂತೂ ಅವಳಿಗೆ ನೀರು ಕುಡಿದಷ್ಟು ಸಲೀಸು. ಪಟ್ಟಿಯಲ್ಲಿ ಹೆಸರು ಬಂದ ದಿನ ಚಿಕ್ಕಮ್ಮ ಗೆರೆ ಎಳೆಯುವುದನ್ನೇ ಮರೆತರಂತೆ. ಕಳೆದ ತಿಂಗಳು ಮಗಳು ತರಬೇತಿಗೆ ಹೊರಟಳು. ಹೋಗುವ ಮುಂಚೆ ಮಿಕ್ಕ ಹನ್ನೊಂದು ಮಂದಿ ಓಟಗಾರರಿಗಾಗಿ ಅರವತ್ತು ಚೀಟಿ ಬರೆದಿಟ್ಟಿದ್ದಾಳೆ.

ಬಿಸಿಲೇರುತ್ತಿದೆ. ಶಾಲೆಯ ಮೆಟ್ಟಿಲು ಹತ್ತದ ಚಿಕ್ಕಮ್ಮ ಕೈಯ ಸುಣ್ಣ ಕೊಡವಿಕೊಂಡು ಏಳುತ್ತಾರೆ. ಏನೋ ಕೇಳಬೇಕು, ಆದರೆ ಸಂಕೋಚ. ಕೊನೆಗೆ ಕೇಳಿಯೇ ಬಿಡುತ್ತಾರೆ:

"ನಾ ಬರ್ದಿದ್ದ ಓದಿ ಒಬ್ಳು ಪಾಸಾದ್ಲು ಸಾ. ಇಸ್ಕೂಲ್ ಮೇಷ್ಟ್ರುಗಳ್ಗೂ ಇಂಗೇ ಅನ್ಸುತ್ತಾ?"