ಒಂದೇ ಹೆಜ್ಜೆಯ ಲೆಕ್ಕ

ಮೋಟಾರಿಗೆ ಬೇಕಾದಂತೆ ವಿದ್ಯುತ್ತನ್ನು ಬದಲಿಸಿಕೊಡುವ ಕನ್ವರ್ಟರುಗಳನ್ನು ಪರೀಕ್ಷಿಸುವವಳಿಗೆ ಲ್ಯಾಬಿನವರೆಲ್ಲ ಅಕ್ಕ ಎನ್ನುತ್ತಿದ್ದರು. ಒಂದೊಂದರೊಳಗೂ ಇರುವ ಒಂಬತ್ತು ಸ್ವಿಚ್ಚುಗಳನ್ನು ಶಾರ್ಟ್ ಆಗದಂತೆ ಇಪ್ಪತ್ತೇಳು ಬಗೆಯಲ್ಲಿ ಜೋಡಿಸಬಹುದು. ಪ್ರತಿ ಕ್ಷಣವೂ ಯಂತ್ರ ಇಪ್ಪತ್ತೇಳನ್ನೂ ಲೆಕ್ಕಹಾಕಿ, ಮರುಕ್ಷಣಕ್ಕೆ ಯಾವುದರಲ್ಲಿ ತಪ್ಪು ಕಡಿಮೆಯೋ ಅದನ್ನೇ ಆರಿಸುತ್ತದೆ.

"ಅದರಾಚೆಗೆ ಏನಾಗುತ್ತೆ ಅಂತ ನೋಡೋದೇ ಇಲ್ವಾ?" ಯಂತ್ರ ಕೊಳ್ಳಲು ಬಂದವರು ಕೇಳಿದರು.

"ಇಲ್ಲ ಸಾರ್. ಒಂದೇ ಹೆಜ್ಜೆ."

ಹೇಳಿದವಳ ಕಣ್ಣು, ದಿನವೂ ತಾನೇ ಒರೆಸಿಡುವ ಖಾಲಿ ಸ್ಟೂಲಿನತ್ತ ಹೋಯಿತು. ಒಂಬತ್ತು ವರ್ಷದ ಹಿಂದೆ ಅಲ್ಲಿ ಕೂತು ಮೋಟಾರಿಗೆ ತಂತಿ ಸುತ್ತುತ್ತಿದ್ದವನು, ಬೇರೆ ಊರಿನ ಕೆಲಸದ ಪತ್ರ ಹಿಡಿದು ಎಲ್ಲರೆದುರೇ ಅವಳನ್ನು ಬಾಯಿಬಿಟ್ಟು ಕೇಳಿದ್ದ: "ಹೋಗ್ಲಾ, ಇರ್ಲಾ?"

ಇರಿ ಅಂದರೆ ನಾಲ್ಕು ಜನರ ಬಾಯಿಗೆ ಬೀಳಬೇಕು. ಹೋಗಿ ಅನ್ನಲು ನಾಲಿಗೆ ಏಳದು. ಆ ಕ್ಷಣಕ್ಕೆ ತಪ್ಪು ಕಡಿಮೆ ಕಂಡದ್ದನ್ನು ಆರಿಸಿ, "ನಿಮ್ಮಿಷ್ಟ" ಅಂದುಬಿಟ್ಟಿದ್ದಳು.