ಎತ್ತಿದ್ದೀವಿ, ಕದ್ದಿಲ್ಲ

ನಾನು ನಿವೃತ್ತನಾಗುವುದಕ್ಕೆ ಹಿಂದಿನ ಬೇಸಿಗೆ. ಚನ್ನಗಿರಿ ತಾಲ್ಲೂಕಿನಲ್ಲಿ ನಾಲೆಯ ಉಸ್ತುವಾರಿ ನೋಡುವ ಇಂಜಿನಿಯರ್ ಆಗಿದ್ದೆ. ಹೊನ್ನಾಳಿ ಕಡೆಯ ಕೊನೆಯ ಗದ್ದೆಗಳಿಗೆ ನೀರು ಮುಟ್ಟುತ್ತಿಲ್ಲವೆಂದು ದೂರು ಬಂತು. ಭತ್ತ ಹಾಲುಗಟ್ಟುವ ಹೊತ್ತು. ಈಗ ನೀರು ತಪ್ಪಿದರೆ ತೆನೆಯೆಲ್ಲ ಜೊಳ್ಳು.

ಮೇಲ್ಭಾಗದ ರೈತರು ಪಂಪ್ ಇಟ್ಟು ನಾಲೆಯ ನೀರನ್ನು ದಾರಿಯಲ್ಲೇ ಎತ್ತಿಕೊಳ್ಳುತ್ತಿದ್ದರು. ಅನುಮತಿಯಿಲ್ಲದೆ ಹೀಗೆ ಪಂಪ್ ಇಡುವುದು ನೀರಾವರಿ ಕಾಯ್ದೆಯಡಿ ಅಪರಾಧ. ಅವನ್ನು ತೆಗೆಸಲು ಪೊಲೀಸರೊಂದಿಗೆ ಹೊರಟೆವು. ಕೆರೆಬಿಳಚಿ ಕಡೆ, ತೆಂಗಿನ ಗರಿ ಮುಚ್ಚಿಟ್ಟಿದ್ದ ಮೊದಲ ಪಂಪೇ ನನ್ನ ಸ್ವಂತ ಅಣ್ಣನದು. ಕಾನ್‌ಸ್ಟೆಬಲ್ ಮೆಲ್ಲಗೆ, “ಸಾಹೇಬ್ರೆ, ಇದನ್ನ ಬಿಟ್ಟು ಮುಂದಿಂದು ನೋಡೋಣ್ರಾ?” ಎಂದರು. ಬೈದಿದ್ದರೂ ಅಷ್ಟು ಅವಮಾನ ಆಗುತ್ತಿರಲಿಲ್ಲ.

“ಬೇಡ, ಇದೇ ಮೊದಲು” ಎಂದೆ.

ನಾನು ಕೊಟ್ಟ ನೋಟಿಸಿನಲ್ಲಿದ್ದ ‘ನೀರು ಕಳವು’ ಎಂಬ ಮಾತಿಗೆ ಅಣ್ಣ ಸಿಡಿದ. “ಲೇ ತಮ್ಮಾ, ನಾವು ಎತ್ತಿದ್ದೀವಿ, ಕದ್ದಿಲ್ಲ. ಗಂಗವ್ವನ್ನ ಯಾರಾದ್ರೂ ಕದಿಯಾಕೆ ಆಗುತ್ತೇನೋ? ನಾವು ಬಿಟ್ರೆ ಅದು ಹೊಳೆ ಪಾಲು. ಯಾರ ಗದ್ದೆ ಒಣಗೈತೆ, ತೋರ್ಸು!”

ನಮ್ಮ ಕಡೆ ಎಲ್ಲರೂ ಹೀಗೇ ಹೇಳುವುದು. ಕೈಕೊಡಲಿಯಿಂದ ಬೇಲಿ ಕಡಿದರೆ ಜಗಳ, ನೀರು ತಿರುಗಿಸಿದರೆ ಜಾಣತನ. ಅಣ್ಣನನ್ನು ಬೈಕಿನಲ್ಲಿ ಕೂರಿಸಿಕೊಂಡು ನಾಲೆಯ ಕೊನೆಗೆ ಹೋದೆ.

ಅಲ್ಲಿ ಹನುಮಕ್ಕ ಎಂಬ ಹೆಂಗಸಿನ ಗದ್ದೆ ಬಿರುಕು ಬಿಟ್ಟಿತ್ತು. ನಾವು ಯಾರೆಂದು ಆಕೆ ಕೇಳಲಿಲ್ಲ. ಬಿಸಿಲಲ್ಲಿ ಬಂದವರೆಂದು ಬೆಲ್ಲದ ಚೂರು, ಟ್ಯಾಂಕರಿನಿಂದ ಹಿಡಿದಿಟ್ಟ ನೀರು ಕೊಟ್ಟಳು.

“ನಾಲೆ ನೀರು ಯಾಕೆ ಬರ್ತಿಲ್ಲವ್ವಾ?” ಎಂದು ಅಣ್ಣನೇ ಕೇಳಿದ.

“ಮೇಲಿನ ಗದ್ದೆಯೋರು ತಾನೆ ಏನ್ ಮಾಡ್ತಾರೆ ಬಿಡ್ರಿ, ಪಾಪ. ಅವ್ರಿಗೇ ಸಾಲ್ತಿರಲಿಕ್ಕಿಲ್ಲ” ಎಂದಳು.

ಚೊಂಬು ಹಿಡಿದ ಅಣ್ಣನ ಕೈ ಅಲ್ಲೇ ನಿಂತಿತು. ನನಗಂತೂ ಭೂಮಿ ಬಾಯಿಬಿಟ್ಟು ನುಂಗಬಾರದೇ ಅನ್ನಿಸಿತು. ಕುಡಿಯದೇ ಬಂದರೆ ಆಕೆಗೆ ಬೇಸರವಾಗುತ್ತದೆಂದು ಇಬ್ಬರೂ ಕುಡಿದೆವು.

ಸಂಜೆ ಅಣ್ಣ ತಾನೇ ಪಂಪು ಬಿಚ್ಚಿದ. ಬೇರೆಯವರಿಗೆ ಅಂಥ ನಾಚಿಕೆಯೇನೂ ಆಗಲಿಲ್ಲ. ಅವರ ಪಂಪುಗಳನ್ನು ಪೊಲೀಸರೇ ಕಿತ್ತರು. ನೀರು ಕೊನೆಯ ಗದ್ದೆ ಮುಟ್ಟಿತು. ಅಷ್ಟರಲ್ಲಿ ಹನುಮಕ್ಕನ ಅರ್ಧ ತೆನೆ ಜೊಳ್ಳಾಗಿತ್ತು.

ಈ ಕೆಲಸ ನನಗೆ ಕಲಿಸಿದ್ದು ಇಷ್ಟೆ. ಕಾಯ್ದೆ ಕಟುಕ ಎಂದು ನಾವು ಗೊಣಗುತ್ತೇವೆ. ಅದು ಇಲ್ಲದ ಕಡೆ ನೀರಿನ ಹಂಚಿಕೆ ನಿಲ್ಲುವುದು ಕೊನೆಯ ಗದ್ದೆಯವರ ಒಳ್ಳೆಯತನದ ಮೇಲೆ, ಅದನ್ನು ಕಂಡು ಮೇಲಿನವರಿಗೆ ನಾಚಿಕೆಯಾದರೆ ಮಾತ್ರ. ಹನುಮಕ್ಕನಿಗೆ ನೀರು ಸಿಗಬೇಕಾದ್ದು ನಮ್ಮಣ್ಣನಿಗೆ ನಾಚಿಕೆಯಾದ ದಿನವಲ್ಲ, ಆಕೆಯ ಸರದಿಯ ದಿನ.